ಅನಂತನ ದಾರ ಕಟ್ಟಿದ ಜೀಪು

ಹಿರೇಕೆರೂರು
18-8-1978

ಪೂಜ್ಯಳಾದ ಗೋಪಕ್ಕನಿಗೆ ತಮ್ಮ ಶ್ರೀಪಾದನ ನಮಸ್ಕಾರಗಳು. ನಾವು ಇಲ್ಲಿ ಆರಾಮ, ನೀವು ಅಲ್ಲಿ ಆರಾಮ ಎಂದು ತಿಳಿದು ಆ ಭಾಗವನ್ನು ಇಷ್ಟಕ್ಕೇ ಮುಗಿಸುತ್ತೇನೆ. ಹೇಳಬೇಕಾದ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅಕ್ಕಾ, ನಾನು ಜೀಪು ಕೊಂಡೆ!

ಶಿಗ್ಗಾಂವಿಯಲ್ಲಿ ಗ್ಯಾರೇಜು ಇಟ್ಟ ಮಲ್ಲಿಕಸಾಬ ನಿನಗೆ ಗೊತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ಪುಣೆಯಿಂದ ತಂದು, ತಿದ್ದಿ ತೀಡಿ, ಹಸಿರು ಬಣ್ಣ ಬಳಿದು ನಿಲ್ಲಿಸಿದ್ದ. ನಾನು ನೋಡಿದೆ, ಅದೂ ನನ್ನನ್ನು ನೋಡಿತು, ಮುಗಿಯಿತು. ನಿವೃತ್ತನಾಗಿ ಎರಡು ವರ್ಷವಾದರೂ ಹಳ್ಳಿಯವರು ದನದ ಡಾಕ್ಟರನನ್ನು ಬಿಟ್ಟಿಲ್ಲ. ಇಲಾಖೆಯ ಗಾಡಿ ಹೋದಮೇಲೆ ಸೈಕಲ್ ಮೇಲೆ ತಿರುಗುತ್ತಿದ್ದೆ. ಮಳೆಗಾಲದ ಎರಿಮಣ್ಣಿನ ಕೆಸರಿನಲ್ಲಿ ಸೈಕಲ್ಲು ನನ್ನನ್ನು ಹೊರುವುದಿಲ್ಲ, ನಾನೇ ಅದನ್ನು ಹೊರುತ್ತೇನೆ.

ಗಾಡಿ ಸಣ್ಣದು. ಬಾಗಿಲಿಲ್ಲ, ಮೇಲೆ ಕ್ಯಾನ್ವಾಸಿನ ಹೊದಿಕೆ. ಆದರೆ ಅದರ ಗುಣ ಕೇಳು. ಬೇರೆ ಮೋಟಾರುಗಳಲ್ಲಿ ಹಿಂದಿನ ಎರಡು ಗಾಲಿ ದುಡಿಯುತ್ತವೆ, ಮುಂದಿನವು ಬೀಗರ ಹಾಗೆ ಸುಮ್ಮನೆ ಜೊತೆಗೆ ಬರುತ್ತವೆ. ಇದರಲ್ಲಿ ಬೇಕೆಂದಾಗ ನಾಲ್ಕೂ ದುಡಿಯುತ್ತವೆ. ಗೇರಿನ ಕೋಲಿನ ಪಕ್ಕದಲ್ಲಿ ಮತ್ತೆರಡು ಗಿಡ್ಡ ಕೋಲುಗಳಿವೆ. ಒಂದನ್ನು ಹಿಂದೆ ಎಳೆದರೆ ನಾಲ್ಕು ಗಾಲಿಗೂ ಬಲ ಬಂತು. ಇನ್ನೊಂದನ್ನು ಮುಂದೆ ನೂಕಿದರೆ ಗಾಡಿ ಎತ್ತಿನ ನಡಿಗೆಗೆ ಇಳಿದು ಆನೆಯ ಬಲ ತೋರಿಸುತ್ತದೆ. ರಾಡಿ ದಾಟಿದ ಮೇಲೆ ಎರಡನ್ನೂ ಅವುಗಳ ಜಾಗಕ್ಕೆ ಮರಳಿಸಬೇಕು. "ಡಾಂಬರ ಮ್ಯಾಲ ಹಂಗ ಬಿಟ್ರ ಟಾಯರ ತಿಂತೈತ್ರಿ, ಪೆಟ್ರೋಲ ಕುಡೀತೈತ್ರಿ, ಓಡೂದಂತೂ ಇಲ್ಲೇ ಇಲ್ಲ" ಎಂದು ಮಲ್ಲಿಕಸಾಬ ಹೇಳಿ ಕಳಿಸಿದ್ದಾನೆ.

ಈಗ ಮುಖ್ಯ ಮಾತು. ಆಡೂರಿನ ಹಳ್ಳದಾಚೆಯ ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಗ ರಾಘಣ್ಣ ಭಾದ್ರಪದದ ಅನಂತನ ವ್ರತವನ್ನು ಇನ್ನೂ ನಡೆಸಿದ್ದಾನೆ. ನೀನು ಮದುವೆಯಾದ ವರ್ಷ ಆ ವ್ರತಕ್ಕೆಂದು ಬರುವಾಗ ಹಳ್ಳದಲ್ಲಿ ಚಕ್ಕಡಿ ಮಗುಚಿತು. ಅಂದಿನಿಂದ ಬೇಸಿಗೆಗೆ ಬರುತ್ತೀ, ಮಳೆಗಾಲದಲ್ಲಿ ಒಮ್ಮೆಯೂ ತವರು ನೋಡಿಲ್ಲ. ಈಗ ಜೀಪಿದೆ. ಮುಂದಿನ ತಿಂಗಳು ಸವಣೂರಿಗೆ ಬಂದು ನಿನ್ನನ್ನು ಕೂಡ್ರಿಸಿಕೊಂಡು ಹೋಗುತ್ತೇನೆ. ಅದಕ್ಕಾಗಿಯೇ ಈ ಗಾಡಿ ಕೊಂಡೆ ಎಂದರೆ ನಮ್ಮ ಮನೆಯಾಕೆ ವಿಮಲಾ ನಗುತ್ತಾಳೆ. ನೀನು ನಗಬೇಡ.

ನಿನ್ನ
ಶ್ರೀಪಾದ


ಸವಣೂರು
27-8-1978

ಚಿರಂಜೀವಿ ಶ್ರೀಪಾದನಿಗೆ ಅಕ್ಕನ ಆಶೀರ್ವಾದ. ಆಶೀರ್ವಾದ ಇಲ್ಲಿಗೆ ಮುಗಿಯಿತು, ಇನ್ನು ಬೈಗುಳ.

ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ನಿನಗೆ ಅದು ಎರಡು ವರ್ಷ ಮೊದಲೇ ಬಂತು. ಚಾಳೀಸಿಲ್ಲದೆ ಪಂಚಾಂಗದ ಅಕ್ಷರ ಕಾಣದವನು ಮೋಟಾರು ನಡೆಸುತ್ತಾನಂತೆ. ನಿಮ್ಮ ಭಾವನವರಿಗೆ ಕಾಗದ ಓದಿ ಹೇಳಿದೆ. ವಕೀಲಿ ಬಿಟ್ಟಮೇಲೆ ಅವರಿಗೆ ಮಾತೇ ಕಡಿಮೆ. "ಅವಗ ಸಣ್ಣಾವಿದ್ದಾಗಿಂದ ಗಾಲಿ ಕಂಡ್ರ ಹುಚ್ಚು. ಕುಂಬಾರನ ಗಾಲಿ ಮುಂದನೂ ತಾಸಗಟ್ಲೆ ಕೂತಿರ್ತಿದ್ದ" ಎಂದು ಮತ್ತೆ ಪೇಪರಿನೊಳಗೆ ಮುಖ ಹಾಕಿದರು.

ಮಿಲಿಟರಿ ಗಾಡಿ ಅದು. ಯಾರು ಯಾರು ಕೂತಿದ್ದರೋ, ಏನೇನು ತಿಂದಿದ್ದರೋ. ಮಡಿ ಸೀರೆ ಉಟ್ಟು ವ್ರತಕ್ಕೆ ಹೊರಟವಳು ಅದರೊಳಗೆ ಕೂಡ್ರಲೇನು? ಬೇರೆ ಯಾವ ಕಾರಣವೂ ಇಲ್ಲ, ಇದೊಂದೇ ಕಾರಣ.

ಆದರೂ ಇಷ್ಟು ಆಸೆಯಿಂದ ಬರೆದಿದ್ದೀ. ಅದಕ್ಕೆ ಒಂದು ಕರಾರು. ಈ ವರ್ಷ ನಾನು ಬರುವುದಿಲ್ಲ. ಒಂದು ವರ್ಷ ನಿನ್ನ ಗಾಡಿ ಯಾರಿಗೂ ಹಾಯದೆ, ಎಲ್ಲಿಯೂ ಎತ್ತಿನಿಂದ ಎಳೆಸಿಕೊಳ್ಳದೆ ಇದ್ದರೆ ಮುಂದಿನ ಅನಂತನ ಚತುರ್ದಶಿಗೆ ಕೂಡ್ರುತ್ತೇನೆ. ಆ ವ್ರತ ಮುಗಿದು ನನ್ನನ್ನು ಮರಳಿ ಸವಣೂರಿನ ಬಾಗಿಲಿಗೆ ಇಳಿಸುವವರೆಗೂ ಕರಾರು ಕರಾರೇ. ಎತ್ತು ಎಳೆಯುವ ಗಾಡಿಯಲ್ಲಿ ಕೂಡ್ರುವವಳು ನಾನಲ್ಲ. ಒಂದೇ ಒಂದು ಸಲ ಎತ್ತಿನಿಂದ ಎಳೆಸಿದೆಯೋ, ಅದನ್ನು ಮಲ್ಲಿಕಸಾಬನಿಗೆ ಮರಳಿ ಕೊಟ್ಟು ಮನೆಯಲ್ಲಿ ಸುಮ್ಮನೆ ಕೂಡ್ರಬೇಕು. ಒಪ್ಪಿಗೆಯಿದ್ದರೆ ಬರೆ.

ಗೋಪಿಕಾಬಾಯಿ


ಹಿರೇಕೆರೂರು
31-8-1978

ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಕಾರ್ಡಿನ ಉಳಿದ ಜಾಗದಲ್ಲಿ ಜೀಪಿನ ಚಿತ್ರ ಬರೆದಿದ್ದೇನೆ. ಆಕಳಿನಂತೆ ಕಂಡರೆ ಅದು ನನ್ನ ಕೈಯ ದೋಷ.

ಶ್ರೀಪಾದ


ಸವಣೂರು
17-9-1978

ಚಿ. ಶ್ರೀಪಾದನಿಗೆ ಆಶೀರ್ವಾದ. ಮೊನ್ನೆ ನಮ್ಮ ಮನೆಯಲ್ಲೂ ಅನಂತನ ಪೂಜೆ ಆಯಿತು. ನಿನ್ನ ಪಾಲಿನ ದಾರ ಈ ಲಕೋಟೆಯಲ್ಲಿದೆ. ಕೆಂಪು ರೇಶಿಮೆ, ಹದಿನಾಲ್ಕು ಗಂಟು. ಗಂಟುಗಳನ್ನು ಈ ಸಲ ನಾನೇ ಹಾಕಿದೆ.

ಗಂಡಸರು ಬಲತೋಳಿಗೆ ಕಟ್ಟಿಕೊಳ್ಳಬೇಕು. ಆದರೆ ನಿನ್ನ ಬಲತೋಳು ದಿನಬೆಳಗಾದರೆ ಯಾವುದಾದರೂ ಎಮ್ಮೆಯ ಹೊಟ್ಟೆಯೊಳಗೆ ಇರುತ್ತದೆ. ಅದಕ್ಕೆ ಗಾಡಿಗೇ ಕಟ್ಟು. ನಿನಗಿಂತ ಅದಕ್ಕೇ ರಕ್ಷೆ ಹೆಚ್ಚು ಬೇಕು. ಕಾಲು ತಾಗದ ಕಡೆ, ಪದೇಪದೇ ಕೈ ಸೋಕದ ಕಡೆ ಕಟ್ಟಬೇಕು. ಕಟ್ಟಿದ ಮೇಲೆ ಮುಂದಿನ ವರ್ಷದ ಪೂಜೆಯವರೆಗೆ ಬಿಚ್ಚುವ ಹಾಗಿಲ್ಲ, ಸಡಿಲಿಸುವ ಹಾಗೂ ಇಲ್ಲ. ಕಥೆಯಲ್ಲಿ ದಾರ ಹರಿದು ಒಲೆಗೆ ಹಾಕಿದ ಬ್ರಾಹ್ಮಣ ಮನೆಮಠ ಕಳೆದುಕೊಂಡು ಅಡವಿ ತಿರುಗಿದ್ದು ನೆನಪಿರಲಿ. ಚಿಕ್ಕವನಿದ್ದಾಗ ಆ ಕಥೆಗೆ ನೀನು ಪ್ರತಿವರ್ಷ ಅಳುತ್ತಿದ್ದೆ.

ವೀಳ್ಯದೆಲೆಯ ಕಟ್ಟನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ಬಾಡುವ ಮೊದಲು ಹೋಗಿ ಇಸಿದುಕೋ.

ಅಕ್ಕ


ಹಿರೇಕೆರೂರು
26-9-1978

ಪೂಜ್ಯ ಅಕ್ಕನಿಗೆ ನಮಸ್ಕಾರ. ದಾರ ಮುಟ್ಟಿತು, ಕಟ್ಟಿದ್ದೂ ಆಯಿತು. ಹೇಗೆ ಕಟ್ಟಿದೆ ಎಂದು ಕೇಳು.

ಒಬ್ಬ ರೈತನ ಹೊಲದ ರಾಡಿಯಿಂದ ಆಗಷ್ಟೇ ಮೇಲೆ ಬಂದು ನಿಂತಿದ್ದೆ. ಟಪಾಲಿನವನು ದಾರಿಯಲ್ಲೇ ಲಕೋಟೆ ಕೊಟ್ಟ. ಓದಿದೆ. ಕಾಲು ತಾಗದ, ಕೈ ಸೋಕದ ಜಾಗ ಯಾವುದು? ಸ್ಟೇರಿಂಗ್ ಚಕ್ರದ ಮೇಲೆ ಸದಾ ಕೈ, ನೆಲದ ಮೇಲೆ ಸದಾ ಕಾಲು. ಆ ಎರಡು ಗಿಡ್ಡ ಕೋಲುಗಳೇ ಸರಿ ಎನಿಸಿತು. ಅಲ್ಲಿಯೇ ಹಳ್ಳದ ನೀರಿನಲ್ಲಿ ಕೈಕಾಲು ತೊಳೆದು, ಅಪ್ಪ ಕಲಿಸಿದ ಶ್ಲೋಕ ಹೇಳಿ, ಎರಡನ್ನೂ ಕೂಡಿಸಿ ಬಿಗಿಯಾಗಿ ಸುತ್ತಿ ಕಟ್ಟಿದೆ. ಬಹಳ ಸಮಾಧಾನವಾಯಿತು.

ಮನೆಗೆ ಹೊರಟಾಗ ಗೊತ್ತಾಯಿತು. ರಾಡಿಯಲ್ಲಿ ಹಾಕಿದ್ದ ಕೋಲುಗಳನ್ನು ಮರಳಿ ಜಾಗಕ್ಕೆ ತಂದಿರಲೇ ಇಲ್ಲ! ಒಂದು ಮುಂದೆ, ಒಂದು ಹಿಂದೆ ಬಾಗಿ, ಜಗಳಾಡಿದ ಗಂಡಹೆಂಡಿರಂತೆ ನಿಂತಿವೆ. ನಡುವೆ ನಿನ್ನ ಹದಿನಾಲ್ಕು ಗಂಟು. ಬಿಚ್ಚದೆ ಅವು ಅಲುಗುವುದಿಲ್ಲ. ಈಗ ನಾಲ್ಕೂ ಗಾಲಿ ಎಡೆಬಿಡದೆ ದುಡಿಯುತ್ತಿವೆ, ಗಾಡಿ ಎತ್ತಿನ ನಡಿಗೆಯಲ್ಲೇ ಇದೆ.

ವಿಮಲಾ ಅಂದಳು, "ಬಿಚ್ಚಿ ಮತ್ತ ಕಟ್ರಿ, ದೇವರೇನು ನೋಡ್ಲಿಕ್ಕೆ ಬರ್ತಾನೇನು?" ದೇವರು ಬಾರದಿದ್ದರೂ ಅಕ್ಕ ಬರುತ್ತಾಳಲ್ಲ ಅಂದೆ. ಇರಲಿ, ಒಂದು ವರ್ಷದ ಮಾತು.

ಶ್ರೀಪಾದ


ಸವಣೂರು
9-10-1978

ಚಿ. ಶ್ರೀಪಾದನಿಗೆ. ಕೋಲು ಮುಂದೆ ಬಾಗಿದರೇನು, ಹಿಂದೆ ಬಾಗಿದರೇನು? ದಾರ ಇದ್ದರೆ ಸಾಕು. ನಿನ್ನ ಯಂತ್ರದ ಪುರಾಣ ನನಗೆ ಬೇಡ. ನಾಳಿದ್ದು ಖಂಡೇಪೂಜೆಗೆ ಗಾಡಿಗೆ ಕುಂಬಳಕಾಯಿ ಒಡೆಯುವುದನ್ನು ಮರೆಯಬೇಡ. ದಾರಕ್ಕೆ ಕುಂಕುಮ ಹಚ್ಚುವಾಗ ಜಗ್ಗಬೇಡ.

ಅಕ್ಕ


ಹಿರೇಕೆರೂರು
12-11-1978

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ಇವತ್ತು ನಿನ್ನ ತಮ್ಮ ಜಂಬದಲ್ಲಿದ್ದಾನೆ, ಸಹಿಸಿಕೋ.

ಮೊನ್ನೆ ಹಿಂಗಾರಿ ಮಳೆ ಹಿಡಿದುಕೊಂಡಾಗ ಚಿಕ್ಕೇರೂರಿನಿಂದ ಕರಬಸಪ್ಪ ಓಡಿಬಂದ. "ಡಾಕ್ಟರ್ರ, ಲಗೂ ಬರ್ರಿ. ಎಮ್ಮಿ ನಿನ್ನಿಯಿಂದ ತಿಣಕಾಕತ್ತೈತಿ. ಕರ ಅಡ್ಡ ಆಗೈತಿ." ಅವನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ಹೊರಟೆ. ಊರಿಗೆ ಹೋಗುವ ಎರಿದಾರಿಯಲ್ಲಿ ಲಾರಿಯೊಂದು ಹುಗಿದು ಕೂತಿತ್ತು. ಅದನ್ನು ಎಳೆಯಲು ಬಂದ ಟ್ರ್ಯಾಕ್ಟರು ಅದರ ಪಕ್ಕದಲ್ಲೇ ಹುಗಿದಿತ್ತು. ನಾನು ಇಬ್ಬರ ನಡುವೆ ಗೊಂಯ್ ಎಂದು ರಾಗ ಎಳೆಯುತ್ತ ಹಾಯ್ದು ಹೋದೆ! ಲಾರಿಯವನು ಬಾಯಿಯ ಬೀಡಿ ಬಿದ್ದದ್ದನ್ನೂ ನೋಡಲಿಲ್ಲ.

ಕರಬಸಪ್ಪ ಮಾತ್ರ ನಡುದಾರಿಯಲ್ಲಿ ಇಳಿದುಬಿಟ್ಟ. "ನೀವು ಸಾವಕಾಶ ಬರ್ರಿ ಡಾಕ್ಟರ್ರ, ನಾ ಮುಂದ ನಡಕೋತ ಹೋಗಿ ನೀರ ಕಾಸಾಕ ಹೇಳ್ತೇನಿ" ಅಂದ. ಅವನೇ ಮೊದಲು ಮುಟ್ಟಿದ. ನಾನು ಹೋಗುವಷ್ಟರಲ್ಲಿ ನೀರು ಕಾದಿತ್ತು, ಅದೂ ಒಳ್ಳೆಯದೇ ಆಯಿತು. ಕರುವನ್ನು ತಿರುಗಿಸಿ ತೆಗೆದೆ. ಹೆಣ್ಣುಗರು, ಕಿವಿ ಜಾಡಿಸಿಕೊಂಡು ಎದ್ದು ನಿಂತಿತು. ಕರಬಸಪ್ಪನ ಹೆಂಡತಿ ಅನ್ನವ್ವ ಅದಕ್ಕೆ ಜೀಪವ್ವ ಎಂದು ಹೆಸರಿಟ್ಟಳು. ಬರುವಾಗ ಗಿಣ್ಣ ಕಟ್ಟಿಕೊಟ್ಟಳು.

ಇಲ್ಲಿಯವರು ನನ್ನ ಗಾಡಿಗೆ ಡಾಕ್ಟರ ಆಮೆ ಎನ್ನುತ್ತಾರೆ. ಯಾಕಿಷ್ಟು ನಿಧಾನ ಎಂದು ಕೇಳಿದವರಿಗೆ ವಯಸ್ಸಾಯಿತಲ್ಲಪ್ಪ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಶ್ರೀಪಾದ


ಸವಣೂರು
3-2-1979

ಚಿ. ಶ್ರೀಪಾದನಿಗೆ ಅಕ್ಕನ ತುಂಬುಹೃದಯದ ಆಶೀರ್ವಾದ. ಈ ಸಲ ಪೂರ್ತಿ ಆಶೀರ್ವಾದವೇ.

ನಮ್ಮವರ ನಂಟರೊಬ್ಬರು ಹಾನಗಲ್ಲಿನಿಂದ ಬಸ್ಸಿನಲ್ಲಿ ಬರುವಾಗ ನಿನ್ನನ್ನು ಕಂಡರಂತೆ. "ನಮ್ಮ ಬಸ್ಸ ದಾಟಿತು, ಒಂದ ಟಾಂಗಾ ದಾಟಿತು, ಕಡೀಕ ಸೈಕಲ್ ಮ್ಯಾಲ ಹಾಲಿನಾಂವ ದಾಟಿದ. ನಿನ್ನ ತಮ್ಮ ಮಾತ್ರ ಮನೀ ಕಟ್ಟೀ ಮ್ಯಾಲ ಕೂತವರ ಹಂಗ ಹೊಂಟಿದ್ದ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಈ ವಯಸ್ಸಿನಲ್ಲೂ ಅಕ್ಕನ ಮಾತಿಗೆ ಇಷ್ಟು ಬೆಲೆ ಕೊಟ್ಟು ಸಾವಕಾಶ ನಡೆಸುವ ತಮ್ಮ ಯಾರಿಗಿದ್ದಾನೆ? ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಒಂದೇ ಸಂಗತಿ ತಿಳಿಯಲಿಲ್ಲ. ಸಂಬಳ ನಿಂತ ಮನೆಯಲ್ಲಿ ಗಾಡಿ ಬಕಾಸುರನ ಹಾಗೆ ಪೆಟ್ರೋಲು ಕುಡಿಯುತ್ತದೆ ಎಂದು ವಿಮಲಾ ಬರೆದಿದ್ದಾಳೆ. ಇಷ್ಟು ಮೆಲ್ಲಗೆ ನಡೆಸಿದರೆ ಉಳಿಯಬೇಕಲ್ಲ? ಎಮ್ಮೆಯ ನೆಪ ಹೇಳಿ ಎಲ್ಲೆಲ್ಲಿ ಸುತ್ತುತ್ತೀ? ಹಿರೇಕೆರೂರಿನಲ್ಲಿ ಇಸ್ಪೀಟಿನ ಮಂಡಳಿ ಇದೆ ಎಂದು ಕೇಳಿದ್ದೇನೆ. ನಿಜ ಬರೆ.

ಅಕ್ಕ


ಹಿರೇಕೆರೂರು
2-4-1979

ಅಕ್ಕನಿಗೆ ನಮಸ್ಕಾರ. ಯುಗಾದಿಯ ಬೇವುಬೆಲ್ಲ ತಿಂದು ಬರೆಯುತ್ತಿದ್ದೇನೆ. ನಿನ್ನ ಕಾಗದದಲ್ಲಿಯೂ ಎರಡೂ ಇದ್ದವು.

ಸಾವಕಾಶ ನಡೆಸುತ್ತೇನೆಂದು ಹೊಗಳಿದ್ದೀ. ಹೊಗಳಿಸಿಕೊಂಡೆ. ಇಸ್ಪೀಟಿನಲ್ಲಿ ನನಗೆ ರಾಜ ಯಾವುದು, ಗುಲಾಮ ಯಾವುದು ಇನ್ನೂ ಗೊತ್ತಿಲ್ಲ. ಪೆಟ್ರೋಲಿನ ಮಾತಿಗೆ ಬಂದರೆ, ಅದು ಮಿಲಿಟರಿಯಲ್ಲಿ ಇದ್ದು ಬಂದ ಗಾಡಿ. ಕುಡಿಯುವ ಚಟ ಅಲ್ಲಿಯದು.

ಹೋದ ವಾರ ಶಿಗ್ಗಾಂವಿಗೆ ಹೋಗಿ ಟಾಯರು ಬದಲಿಸಿದೆ. ಸ್ವಲ್ಪ ಸವೆದಿದ್ದವು. ಮಲ್ಲಿಕಸಾಬ ಗಾಲಿ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಒಳಗೆ ಬಗ್ಗಿ ನೋಡಿದ. ಕೋಲುಗಳತ್ತ ಚಾಚಿದ ಕೈ ದಾರ ಕಂಡು ಹಿಂದೆ ಬಂತು. "ಅಕ್ಕಾರ ಕೈಯಾಗಿನ ದಾರ ಐತಿ ಅಂದ್ರ ನಾ ಮುಟ್ಟಾಂಗಿಲ್ರಿ. ಭಾದ್ರಪದ ಯಾವಾಗ ಬರ್ತೈತ್ರಿ?" ಎಂದು ಕೇಳಿದ. ಅಂದಿನಿಂದ ಅವನೂ ನನ್ನ ಹಾಗೆ ದಿನ ಎಣಿಸುತ್ತಿದ್ದಾನೆ.

ವಿಮಲಾ ಬಾಗಿಲಲ್ಲಿ ನಿಂತು, "ಅಕ್ಕಗ ಖರೇ ಹೇಳಿಬಿಡ್ರಿ" ಎನ್ನುತ್ತಾಳೆ. ಎಲ್ಲ ಖರೆಯನ್ನೇ ಬರೆದಿದ್ದೇನಲ್ಲ. ವರ್ಷ ಅರ್ಧಕ್ಕಿಂತ ಹೆಚ್ಚು ಕಳೆಯಿತು. ಒಂದು ಕೋಳಿಗೂ ಹಾಯ್ದಿಲ್ಲ, ಒಂದು ಎತ್ತಿನ ಮುಖವನ್ನೂ ನೋಡಿಲ್ಲ.

ಶ್ರೀಪಾದ


ಸವಣೂರು
8-7-1979

ಚಿ. ಶ್ರೀಪಾದನಿಗೆ ಆಶೀರ್ವಾದ. ನೀನು ಕರಾರು ಗೆಲ್ಲುವ ಹಾಗೆ ಕಾಣುತ್ತದೆ. ಸಂತೋಷ. ಆದರೆ ಕೆಲವು ಅಡಚಣೆಗಳಿವೆ.

ಮೊದಲನೆಯದಾಗಿ ನನ್ನ ಮೊಣಕಾಲು. ಕಚ್ಚೆಸೀರೆ ಉಟ್ಟು ಅಷ್ಟು ಎತ್ತರ ಹತ್ತುವುದು ಹೇಗೆ? ಮಡಿಯ ಮಾತು ಇದ್ದೇ ಇದೆ. ನಿಮ್ಮ ಭಾವನವರ ಊಟಕ್ಕೆ ಎರಡು ದಿನ ಯಾರು ನೋಡುತ್ತಾರೆ? ಬಾಗಿಲಿಲ್ಲದ ಗಾಡಿಯಲ್ಲಿ ಶಿಗ್ಗಾಂವಿ, ಹಾನಗಲ್ಲ ಎರಡೂ ಊರ ಪೇಟೆಯ ನಡುವೆ ಹೋಗುವಾಗ ಜನ ಏನೆಂದಾರು?

ಈ ವರ್ಷ ಮಳೆ ಜೋರಂತೆ. ಆಡೂರ ಹಳ್ಳ ಹೇಗಿದೆ ಎಂದು ರಾಘಣ್ಣ ಏನಾದರೂ ಬರೆದಿದ್ದಾನೆಯೇ? ಸುಮ್ಮನೆ ಕೇಳಿದೆ.

ಅಕ್ಕ


ಹಿರೇಕೆರೂರು
20-7-1979

ಪ್ರೀತಿಯ ಗೋಪಕ್ಕನಿಗೆ. ಮೊಣಕಾಲಿಗೆ ಮಣೆ ತರುತ್ತೇನೆ, ಅದರ ಮೇಲೆ ಕಾಲಿಟ್ಟು ಹತ್ತು. ಮಡಿಗೆ ಗಾಡಿಯನ್ನೆಲ್ಲ ಗೋಮೂತ್ರದಿಂದ ತೊಳೆಯುತ್ತೇನೆ. ದನದ ಡಾಕ್ಟರನಿಗೆ ಅದಕ್ಕೇನು ಬರ? ಆಕಳು ಕಪ್ಪಾದರೆ ಹಾಲು ಕಪ್ಪೇನು, ಗಾಡಿ ಎಲ್ಲಿಂದ ಬಂದರೇನು? ಭಾವನವರಿಗೆ ವಿಮಲಾ ಬಂದು ಅಡಿಗೆ ಮಾಡುತ್ತಾಳೆ. ಪೇಟೆಯ ಜನ ಏನೂ ಅನ್ನುವುದಿಲ್ಲ, ಅಂದರೂ ಗಾಡಿಯ ಸದ್ದಿನಲ್ಲಿ ಕೇಳಿಸುವುದಿಲ್ಲ.

ಹಳ್ಳವನ್ನು ರಾಘಣ್ಣ ಬರೆಯುವವರೆಗೆ ಕಾಯಲಿಲ್ಲ, ನಾನೇ ನೋಡಿಬಂದೆ. ನೀರು ಗಾಲಿಯ ನಡುಮಟ್ಟ ಇದೆ. ದಾಟಿದೆ. ತಿರುಗಿ ದಾಟಿದೆ. ಮತ್ತೆ ದಾಟಿದೆ. ರಾಘಣ್ಣ ದಂಡೆಯ ಮೇಲೆ ನಿಂತು, "ಏ ಶೀಪ್ಯಾ, ಹುಚ್ಚ ಹಿಡದದೇನೋ ನಿನಗ? ಬಂದು ಕಾಫಿ ಕುಡಿ" ಎಂದು ಕೂಗಿದ. ಕೂಗಲಿ. ನೀನು ಬರುವ ದಾರಿಯ ಪ್ರತಿ ಕಲ್ಲೂ ನನಗೆ ಗೊತ್ತಿರಬೇಕು.

ಅಂದು ಆ ದಂಡೆಯ ಮೇಲೆ ನಿಂತಿದ್ದವನು ನಾನೇ, ಅಕ್ಕಾ. ನನಗೆ ಏಳು ವರ್ಷ, ಏನೂ ಮಾಡಲಾಗಲಿಲ್ಲ. ಇಷ್ಟೇ ಬರೆಯುತ್ತೇನೆ.

ಶ್ರೀಪಾದ


ಸವಣೂರು
14-8-1979

ಶ್ರೀಪಾದಾ, ಬಾ. ಹಾಸಿಕೊಳ್ಳಲು ಮಡಿಯ ಧಾಬಳಿ ನಾನೇ ತರುತ್ತೇನೆ. ಮಣೆ ಮರೆಯಬೇಡ.

ಅಕ್ಕ


ಹಿರೇಕೆರೂರು
12-9-1979

ಪ್ರೀತಿಯ ಅಕ್ಕನಿಗೆ ನಮಸ್ಕಾರ. ಒಂದು ವಾರದಿಂದ ಈ ಕಾಗದ ಬರೆಯುವುದನ್ನು ಮುಂದೂಡಿದೆ. ಇವತ್ತು ಬರೆಯುತ್ತೇನೆ.

ಹೋಗುವಾಗಿನ ದಿನ ನನ್ನ ಬದುಕಿನ ದೊಡ್ಡ ದಿನ. ನೀನು ಧಾಬಳಿಯ ಮೇಲೆ ನೆಟ್ಟಗೆ ಕೂತು, ಬೆಳಗಿನಿಂದ ಸಂಜೆಯವರೆಗೆ ಆಮೆಯ ನಡಿಗೆ ಸಹಿಸಿ, ಕಣ್ಣು ಮುಚ್ಚಿ ಹಳ್ಳ ದಾಟಿದೆ. ಆಚೆ ದಂಡೆಯಲ್ಲಿ ಕಣ್ಣು ತೆರೆದು "ಆತೇನು?" ಎಂದೆಯಲ್ಲ, ಆ ದನಿಗೆ ಗಾಡಿಯ ಋಣ ತೀರಿತು.

ತಪ್ಪಾದದ್ದು ತಿರುಗಿ ಬರುವಾಗ. ಮರುದಿನ ಪೂಜೆ ಮುಗಿದು ರಾಘಣ್ಣ ಆರತಿ ಬೆಳಗಿ ಹಳೆಯ ದಾರ ಬಿಚ್ಚಿದ. ಕೋಲುಗಳನ್ನು ಅವುಗಳ ಜಾಗಕ್ಕೆ ತಂದೆ. ಮೂರನೆಯ ದಿನ ಬೆಳಿಗ್ಗೆ ನಿನ್ನನ್ನು ಕೂಡ್ರಿಸಿಕೊಂಡು ಹೊರಟೆ. ಒಂದು ವರ್ಷ ಯಾವ ರಾಡಿಗೂ ಯೋಚಿಸದೆ ಇಳಿದ ರೂಢಿ. ಹಳ್ಳಕ್ಕೆ ಇಳಿಯುವಾಗ ಆ ಕೋಲುಗಳಿವೆ ಎಂಬುದೇ ತಲೆಗೆ ಬರಲಿಲ್ಲ. ಹಿಂದಿನ ಗಾಲಿ ತಿರುಗಿ ತಿರುಗಿ ಹುಗಿದವು. ನಾನು ಹೆದರಿದೆ, ಅಕ್ಕಾ. ಹಿಂದಿನ ಕಾಗದದಲ್ಲಿ ಅಷ್ಟು ಜಂಬ ಕೊಚ್ಚಿದವನು, ನಿನ್ನ ಮುಖ ಬಿಳಿಚಿದ್ದು ಕಂಡು ಏನೂ ತೋಚದೆ ದಂಡೆಯ ಮೇಲಿದ್ದ ರೈತ ಗುತ್ತೆಪ್ಪನನ್ನು ಕೂಗಿದೆ. ಅವನು ಎತ್ತು ತಂದ, ಮುಂದೆ ಹಗ್ಗ ಕಟ್ಟಿದ. ನಾನು ಕ್ಲಚ್ಚು ಒತ್ತಿಕೊಂಡು, ತಲೆ ಹೊರಗೆ ಹಾಕಿ ಹಿಂದಿನ ಗಾಲಿ ನೋಡುತ್ತ, "ಹೊಡಿಯೋ ಗುತ್ತೆಪ್ಪಾ" ಅಂದೆ. ಕ್ಲಚ್ಚು ಬಿಟ್ಟೆ, ಗಾಡಿ ಮೇಲೆ ಬಂತು. ನಾನು ಇಳಿದು ಹೋಗಿ ಗುತ್ತೆಪ್ಪನ ಕೈ ಹಿಡಿದುಕೊಂಡೆ.

ಆಮೇಲೆ ಡಾಂಬರು ರಸ್ತೆಯಲ್ಲಿ ಗಾಡಿ ಓಡಿದ್ದು, ನೀನು ನಕ್ಕದ್ದು, "ಇದು ಇಷ್ಟು ಓಡ್ತದ ಅಂತ ಯಾಕ ಹೇಳ್ಲಿಲ್ಲ?" ಎಂದು ಕೇಳಿದ್ದು ಎಲ್ಲ ನೆನಪಿದೆ. ಆ ಪ್ರಶ್ನೆಗೆ ಹಾರ್ನು ಬಾರಿಸಿದೆ. ಆದರೆ ಮನೆಯ ಬಾಗಿಲಲ್ಲಿ ಇಳಿಯುವಾಗ ಕರಾರಿನ ಮಾತನ್ನು ನೀನು ಎತ್ತಲಿಲ್ಲ. ತಮ್ಮ ನೊಂದುಕೊಳ್ಳುತ್ತಾನೆಂದು ಸುಮ್ಮನಾದೆ, ಅಲ್ಲವೇ? ಎತ್ತು ಎಳೆದದ್ದು ಎಳೆದದ್ದೇ. ಅನಂತನ ಹೆಸರಿನಲ್ಲಿ ಆಡಿದ ಮಾತು. ಇದೇ 23ನೇ ತಾರೀಖು ರವಿವಾರ ಮಲ್ಲಿಕಸಾಬ ಬಂದು ಗಾಡಿ ಒಯ್ಯುತ್ತಾನೆ.

ಬಹಳ ಕೆಟ್ಟದೆನಿಸುತ್ತದೆ. ಸೈಕಲ್ಲಿಗೆ ಎಣ್ಣೆ ಹಾಕಿ ಇಟ್ಟಿದ್ದೇನೆ. ನೀನು ಹಳ್ಳ ದಾಟಿದೆ, ಅದು ನನಗೆ ಸಾಕು.

ಶ್ರೀಪಾದ


ಸವಣೂರು
16-9-1979

ಶೀಪ್ಯಾ, ಹುಚ್ಚಪ್ಪಾ,

ಈ ಕಾಗದ ಮುಟ್ಟಿದ ಕೂಡಲೇ ಮಲ್ಲಿಕಸಾಬನಿಗೆ ಬರಬೇಡ ಎಂದು ಹೇಳಿ ಕಳಿಸು. ಅದನ್ನು ಮಾಡಿ ಬಂದು ಮುಂದೆ ಓದು.

ನೀನು ಹೊರಗೆ ಕಂಡದ್ದನ್ನು ಬರೆದಿದ್ದೀ. ಒಳಗೆ ಏನಾಯಿತು ಎಂದು ನಾನು ಬರೆಯುತ್ತೇನೆ. ಗಾಡಿ ಹುಗಿದಾಗ ನನಗೆ ಅಷ್ಟು ಭಯವಾಗಲಿಲ್ಲ. ಗುತ್ತೆಪ್ಪ ಎತ್ತು ತಂದು ಮುಂದೆ ನಿಲ್ಲಿಸಿದನಲ್ಲ, ಆಗ ಆಯಿತು. ಅದೇ ಹಳ್ಳ, ಅದೇ ಭಾದ್ರಪದ. ಹದಿಮೂರು ವರ್ಷದವಳಿದ್ದಾಗ ಅಲ್ಲಿಯೇ ಎತ್ತು ಬೆದರಿ ನಮ್ಮ ಚಕ್ಕಡಿ ಮಗುಚಿದ್ದು. ನೀರು ಎಷ್ಟಿತ್ತೋ ನೆನಪಿಲ್ಲ. ಕೊಂಬು ನೆನಪಿದೆ, ದಂಡೆಯ ಮೇಲೆ ನಿಂತು ಅಕ್ಕಾ ಅಕ್ಕಾ ಎಂದು ಅಳುತ್ತಿದ್ದ ನೀನು ನೆನಪಿದ್ದೀ. ಮಡಿ, ಮೊಣಕಾಲು, ಜನ ಏನಂದಾರು, ಅವೆಲ್ಲ ನೆಪ. ನನಗಿದ್ದದ್ದು ಎತ್ತಿನ ಭಯ. ಈ ಮಾತನ್ನು ನಿಮ್ಮ ಭಾವನವರಿಗೂ ಇಷ್ಟು ವರ್ಷ ಹೇಳಿರಲಿಲ್ಲ.

ಎತ್ತು ಎಳೆಯುವ ಗಾಡಿಯಲ್ಲಿ ಎರಡನೆಯ ಸಲ ಆ ಹಳ್ಳದಲ್ಲಿ ಕೂಡ್ರಲು ನಾನು ತಯಾರಿರಲಿಲ್ಲ. ನೀನು ತಲೆ ಹೊರಗೆ ಹಾಕಿದ್ದೆ. ನಿನ್ನ ಮೊದಲನೆಯ ಕಾಗದ ನನಗೆ ಬಾಯಿಪಾಠ. ಬೈದು ಉತ್ತರ ಬರೆದೆ, ನಿಜ. ಆದರೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಎಷ್ಟು ಸಲ ಓದಿದ್ದೇನೋ. ಒಂದನ್ನು ಹಿಂದೆ ಎಳೆದರೆ ನಾಲ್ಕೂ ಗಾಲಿ, ಇನ್ನೊಂದನ್ನು ಮುಂದೆ ನೂಕಿದರೆ ಆನೆಯ ಬಲ. ಹೋಗುವಾಗ ದಿನವಿಡೀ ನನ್ನ ಕಣ್ಣು ಆ ದಾರದ ಮೇಲೆಯೇ ಇತ್ತು, ಕೋಲುಗಳು ಹೇಗೆ ಬಾಗಿದ್ದವು ಎಂದು ನನಗೆ ಗೊತ್ತಿಲ್ಲವೇ? ನೀನು "ಹೊಡಿಯೋ" ಅನ್ನುವ ಮೊದಲೇ ಒಂದನ್ನು ಎಳೆದೆ, ಇನ್ನೊಂದನ್ನು ಎರಡೂ ಕೈ ಹಾಕಿ ನೂಕಿದೆ. ಬಳೆ ಒಂದು ಒಡೆಯಿತು.

ನಾಲ್ಕು ಗಾಲಿಯೂ ಹಿಡಿದವು ಶೀಪ್ಯಾ! ಗಾಡಿ ಹಿಂದಿನಿಂದ ಬಂದು ಹಾಯುತ್ತದೆಂದು ಗುತ್ತೆಪ್ಪನ ಎತ್ತು ಜೀವ ಹಿಡಿದು ಓಡಿದವು. ಹಗ್ಗ ಸಡಿಲಾಗಿ ರಾಡಿಯಲ್ಲಿ ಎಳೆಯುತ್ತಿತ್ತು, ಈ ಕಣ್ಣಿನಿಂದಲೇ ನೋಡಿದೆ. ಎತ್ತಿಗೆ ನಾನು ಹೆದರಿದವಳು, ಅವತ್ತು ಎತ್ತೇ ನನಗೆ ಹೆದರಿದವು. ನೀನು ಇಳಿದು ಗುತ್ತೆಪ್ಪನ ಕೈ ಹಿಡಿಯಲು ಹೋದಾಗ ಕೋಲುಗಳನ್ನು ಮೊದಲಿನ ಹಾಗೆ ಮಾಡಿ ಕೂತೆ. ಮುಟ್ಟಿದ್ದು ತಿಳಿದರೆ ಬೈಯುತ್ತೀ ಎಂದು ಹೇಳಲಿಲ್ಲ. ಬಾಗಿಲಲ್ಲಿ ಸುಮ್ಮನಿದ್ದದ್ದು ಅದಕ್ಕೆ.

ನಿಮ್ಮ ಭಾವನವರ ಮುಂದೆ ಪೂರ್ತಿ ಕೇಸು ಇಟ್ಟೆ. ಪೇಪರು ಕೆಳಗಿಟ್ಟು ಕೇಳಿದರು. "ಎತ್ತು ಹೂಡಿದ್ದು ಖರೆ. ಎಳದದ್ದು ಖರೆ ಅಲ್ಲ. ದಾವಾ ಖಾರೀಜ" ಎಂದು ದಾವೆ ವಜಾ ಮಾಡಿ ತೀರ್ಪು ಕೊಟ್ಟರು.

ಇನ್ನೊಂದು. ಆಮೆ ಕುದುರೆಯಾದದ್ದು ಹೇಗೆ ಎಂದು ಕೇಳಿದಾಗ ನೀನು ಹಾರ್ನು ಬಾರಿಸಿದೆ. ಬಂಕಾಪುರ ಬರುವಷ್ಟರಲ್ಲಿ ನನಗೇ ಹೊಳೆಯಿತು. ಟಾಯರು ತಿಂದದ್ದು, ಪೆಟ್ರೋಲು ಕುಡಿದದ್ದು ನನ್ನ ದಾರ. ವರ್ಷವೆಲ್ಲ ಊರ ನಗೆ ಸಹಿಸಿದೆ, ನನ್ನಿಂದ ಇಸ್ಪೀಟಿನ ಮಾತನ್ನೂ ಕೇಳಿಸಿಕೊಂಡೆ, ಗಂಟು ಬಿಚ್ಚಲಿಲ್ಲ. ಓದುವಾಗಲೂ ಅಳು ಬಂತು, ಬರೆಯುವಾಗಲೂ ಬರುತ್ತಿದೆ. ಆದರೆ ಒಂದು ಕೋಳಿಗೂ ಹಾಯದೆ ಉಳಿದದ್ದೂ ಆ ದಾರದಿಂದಲೇ, ಅದನ್ನೂ ಒಪ್ಪಿಕೋ.

ಈ ವರ್ಷದ ದಾರ ನನ್ನ ಹತ್ತಿರವೇ ಇದೆ. ಎಲ್ಲಿ ಕಟ್ಟಬೇಕೆಂದು ನಾನೇ ನೋಡಿ ಕಟ್ಟುತ್ತೇನೆ, ಕೋಲುಗಳಿಗಂತೂ ಅಲ್ಲ. ಚಿಕ್ಕೇರೂರಿಗೆ ಹೋಗಿ ಜೀಪವ್ವನನ್ನೂ ನೋಡಬೇಕು. ರವಿವಾರ ನನ್ನನ್ನು ಕರೆದುಕೊಂಡು ಹೋಗಲು ಬಾ. ಸಾವಕಾಶ ಬರಬೇಡ.

ನಿನ್ನ
ಗೋಪಕ್ಕ